ಗಿರಿಜಾಳ ಲೈಸೆನ್ಸೂ ನಮ್ಮ ಕಾರಿನ ಡೈನಮೋವೂ

ಒಂದು ವಿಷಯವನ್ನು ಬಹಳ ವರ್ಷ ಕಲಿಸಿದವರಿಗೆ ಅದು ತಮಗೆ ಗೊತ್ತಿದೆ ಎಂಬ ಭ್ರಮೆ ಬಂದುಬಿಡುತ್ತದೆ. ನನಗೂ ಬಂದಿತ್ತು. ಹುನಗುಂದದ ಹೈಸ್ಕೂಲಿನಲ್ಲಿ ಇಪ್ಪತ್ತೆರಡು ವರ್ಷಗಳಿಂದ ಹತ್ತನೇ ತರಗತಿಗೆ ವಿಜ್ಞಾನ ಹೇಳುತ್ತಿದ್ದೇನೆ. ವಿದ್ಯುಜ್ಜನಕದ ಚಿತ್ರವನ್ನು ಕಣ್ಣು ಮುಚ್ಚಿಕೊಂಡು ಬೋರ್ಡಿನ ಮೇಲೆ ಬಿಡಿಸಬಲ್ಲೆ: ಕಾಂತದ ಎರಡು ಧ್ರುವ, ನಡುವೆ ತಿರುಗುವ ಸುರುಳಿ, ಒಂದು ಕಡೆ ಆತುಕೊಂಡ ಎರಡು ಕಾರ್ಬನ್ ಬ್ರಷ್ಷು. ಆ ಪ್ರಶ್ನೆಯಲ್ಲಿ ನನ್ನ ಹುಡುಗರು ಅಂಕ ಕಳೆದುಕೊಂಡದ್ದು ಕಡಿಮೆ. ಆದರೆ ಅಂಥದೇ ಒಂದು ವಸ್ತು ನಮ್ಮ ಕಾರಿನ ಬಾನೆಟ್ಟಿನ ಕೆಳಗೂ ಕೂತಿದೆ, ಅದಕ್ಕೂ ಜಡ್ಡು ಬರುತ್ತದೆ ಎಂಬುದು ಮಾತ್ರ ನನಗೆ ಹೊಳೆದಿರಲಿಲ್ಲ. ಹೊಳೆಯುವ ಹೊತ್ತಿಗೆ ನಾನು ನಮ್ಮ ಮನೆಯಲ್ಲಿ ಅಪರಾಧಿಯಾಗಿ ನಿಂತಿದ್ದೆ.

ನಾವಿರುವುದು ಇಳಕಲ್ಲಿನಲ್ಲಿ. ನನ್ನ ಹೆಂಡತಿ ಗಿರಿಜಾ ಮನೆಯಲ್ಲೇ ಹೊಲಿಗೆ ಕ್ಲಾಸು ನಡೆಸುತ್ತಾಳೆ. ಐವತ್ತನೇ ವಯಸ್ಸಿಗೆ ಆಕೆ ಕಾರು ಕಲಿಯುತ್ತೇನೆ ಎಂದಾಗ ನಾನು ಬೇಡ ಎನ್ನಲಿಲ್ಲ. ಬೇಡ ಎನ್ನುವ ಧೈರ್ಯ ನನಗೆಲ್ಲಿದೆ? ಬಸ್ ಸ್ಟ್ಯಾಂಡಿನ ಮುಂದಿನ ಗದ್ದಲ, ಗ್ರಾನೈಟ್ ಕಲ್ಲು ಹೇರಿಕೊಂಡು ಬರುವ ಲಾರಿಗಳು, ಬೇಕೆಂದಲ್ಲಿ ಮಲಗುವ ದನಗಳು, ಹೀಗೆ ಒಂದೊಂದನ್ನೇ ಸುಮ್ಮನೆ ನೆನಪಿಸಿದೆ ಅಷ್ಟೆ. ಕೊನೆಗೆ, "ಎಲ್ಲಿಗಿ ಹೋಗಬೇಕಂತ ಹೇಳು, ನಾ ಕರಕೊಂಡು ಹೋಗ್ತೇನಿ. ನಿನಗ್ಯಾಕ ಆ ತ್ರಾಸ?" ಎಂದೆ. ಆಕೆ ಕತ್ತರಿಯನ್ನು ಬಟ್ಟೆಯಿಂದ ಎತ್ತದೆ, "ನೀವು ಕರಕೊಂಡು ಹೋಗೂದು ಖರೆ. ಆದ್ರ ಯಾವಾಗ ತಿರುಗಿ ಬರೂದು ಅನ್ನೂದೂ ನೀವ ಹೇಳ್ತೀರಿ" ಎಂದಳು. ಈ ಮಾತಿಗೆ ಉತ್ತರ ಹುಡುಕುತ್ತಲೇ ಒಂದು ತಿಂಗಳು ದಿನಾ ಸಂಜೆ ನಾನು ಆಕೆಯ ಪಕ್ಕದಲ್ಲಿ ಕೂತೆ. ಊರ ಹೊರಗೆ ಕಲ್ಲು ಪಾಲಿಶ್ ಮಾಡುವ ಶೆಡ್ಡುಗಳ ಆಚೆಗಿನ ಬಯಲಿನಲ್ಲಿ ನಮ್ಮ ಕಾರು ಬಿಳಿ ಧೂಳು ಎಬ್ಬಿಸುತ್ತ, ನಿಲ್ಲುತ್ತ, ಮತ್ತೆ ಹೊರಡುತ್ತ ಗುಂಡಗೆ ತಿರುಗಿತು.

ಬಾಗಲಕೋಟೆಯಲ್ಲಿ ಲೈಸೆನ್ಸಿನ ಪರೀಕ್ಷೆ ಸೋಮವಾರ ಎಂದು ಗೊತ್ತಾಯಿತು. ಶುಕ್ರವಾರ ಬೆಳಿಗ್ಗೆ ಗಿರಿಜಾ ಕೀಲಿ ತಿರುಗಿಸಿದರೆ ಕಾರು 'ಟಕ್' ಎಂದು ಸುಮ್ಮನಾಯಿತು. ಇನ್ನೊಮ್ಮೆ ತಿರುಗಿಸಿದಳು. ಮತ್ತೆ 'ಟಕ್'. ಆಕೆ ಕಾರನ್ನು ನೋಡಲಿಲ್ಲ, ನನ್ನನ್ನು ನೋಡಿದಳು. ಅದೇ ಓಣಿಯಲ್ಲಿರುವ ಆಕೆಯ ಅಕ್ಕ ಮಹಾದೇವಕ್ಕ ಸುದ್ದಿ ತಿಳಿದು ಐದೇ ನಿಮಿಷದಲ್ಲಿ ಬಂದರು. ಬಂದವರೇ, "ನಿನ್ನಿತನಕ ಓಡಿದ್ದು ಇವತ್ತ ಹೆಂಗ ನಿಂತೀತು? ಯಾರರೆ ತಂತಿ ಕಿತ್ತಿರಬೇಕು" ಎಂದು ಆಕಾಶಕ್ಕೆ ಹೇಳಿದರು. ಮನೆಯಲ್ಲಿ ತಂತಿ ಎಂದರೆ ಏನೆಂದು ತಿಳಿದವನು ನಾನೊಬ್ಬನೇ.

ಆಪಾದನೆ ಬಂದ ಮೇಲೆ ಕೈಕಟ್ಟಿ ಕೂಡುವುದುಂಟೆ? ಮೀಟರು ತಂದು ಬ್ಯಾಟರಿಯ ಎರಡೂ ತುದಿಗೆ ಹಿಡಿದೆ. ಹನ್ನೊಂದೂವರೆ ವೋಲ್ಟು. ಎಂಜಿನ್ ಬಂದ್ ಇದ್ದಾಗ ತುಂಬಿದ ಬ್ಯಾಟರಿ ಹನ್ನೆರಡೂವರೆಯ ಮೇಲೆ ತೋರಿಸಬೇಕು ಎಂದು ಇಬ್ಬರು ಅಕ್ಕತಂಗಿಯರಿಗೂ ವಿವರಿಸಿದೆ. "ಬ್ಯಾಟರಿಗಿ ವಯಸ್ಸಾಗೇತಿ. ನನ್ನದೇನೂ ಕೈವಾಡಿಲ್ಲ" ಎಂದು ತೀರ್ಪು ಕೊಟ್ಟು, ಮಧ್ಯಾಹ್ನವೇ ಹೊಸ ಬ್ಯಾಟರಿ ತಂದು ಕೂಡಿಸಿದೆ. ಕಾರು ಒಂದೇ ಸಲಕ್ಕೆ ಚಾಲೂ ಆಯಿತು. ಗಿರಿಜಾ ನಕ್ಕಳು. ಮಹಾದೇವಕ್ಕ ಕೂಡ, "ಮಾಸ್ತರ್ ಖರೇನ ಶಾಣ್ಯಾ ಅದಾರ" ಎಂದರು. ಮದುವೆಯಾದ ಇಪ್ಪತ್ತಾರು ವರ್ಷದಲ್ಲಿ ಆ ಬಾಯಿಂದ ನನಗೆ ಸಿಕ್ಕ ಮೊದಲ ಸರ್ಟಿಫಿಕೇಟು. ಅದರ ಆಯುಷ್ಯ ಎರಡು ದಿನ. ಭಾನುವಾರ ಬೆಳಿಗ್ಗೆ ಕೀಲಿ ತಿರುಗಿಸಿದರೆ ಹೊಸ ಬ್ಯಾಟರಿಯೂ 'ಟಕ್' ಎಂದಿತು. ಶುಕ್ರವಾರ ಗಿರಿಜಾ, "ಏನಾಗೇತಿ?" ಎಂದು ಕೇಳಿದ್ದಳು. ಭಾನುವಾರ, "ಏನು ಮಾಡೀರಿ?" ಎಂದು ಕೇಳಿದಳು. ವ್ಯಾಕರಣದಲ್ಲಿ ಸಣ್ಣ ಬದಲಾವಣೆ, ಸಂಸಾರದಲ್ಲಿ ಅಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ ಆಕೆ ಒಳಗೆ ಹೋಗಿ ಹೊಲಿಗೆ ಯಂತ್ರದ ಮುಂದೆ ಕೂತಳು. ಹೊಲಿಯಲಿಲ್ಲ. ಕಣ್ಣು ಒರೆಸಿಕೊಂಡದ್ದು ಕಿಟಕಿಯಿಂದ ಕಂಡಿತು. ಆಗ ನಿರಪರಾಧಿ ಎಂದು ಸಾಬೀತು ಮಾಡುವ ಹಟ ಹೋಗಿ, ಈ ಕಾರು ನಾಳೆ ಹೋಗಲೇಬೇಕು ಎನ್ನಿಸಿತು.

ನಮ್ಮ ಎದುರು ಮನೆಯ ಖಾಜೇಸಾಬ್ ಚಾಚಾ ನಲವತ್ತು ವರ್ಷ ಲಾರಿಗಳ ವೈರಿಂಗ್ ಕೆಲಸ ಮಾಡಿದವರು. ಈಗ ಅಂಗಡಿ ಮಗನಿಗೆ ಬಿಟ್ಟು ಮನೆಯಲ್ಲಿದ್ದಾರೆ. ಎರಡು ದಿನದಿಂದ ಕಟ್ಟೆಯ ಮೇಲೆ ಕೂತು ನನ್ನ ಸಂಶೋಧನೆಯನ್ನು ನೋಡುತ್ತಲೇ ಇದ್ದರಂತೆ. "ಮೊದಲ ಯಾಕ ಹೇಳಲಿಲ್ಲರಿ ಚಾಚಾ?" ಎಂದರೆ, "ನೀವು ಕಲಿಸವರು, ನಿಮಗೇನು ಹೇಳೂದಂತ ಸುಮ್ಮನಿದ್ನಿ" ಎಂದರು. ಅಂಗಡಿಯಿಂದ ಒಂದು ಬ್ಯಾಟರಿ, ಎರಡು ದಪ್ಪ ಕೇಬಲ್ ತರಿಸಿ, ನಮ್ಮ ಬ್ಯಾಟರಿಗೆ ಜೋಡಿಸಿ ಎಂಜಿನ್ ಚಾಲೂ ಮಾಡಿಸಿದರು. ಆಮೇಲೆ ಕೇಬಲ್ ಬಿಚ್ಚಿ, "ತಂಗೆವ್ವ, ನೀ ಬಾ. ಮೀಟರ್ ಹಿಡಿ" ಎಂದು ಗಿರಿಜಾಳನ್ನು ಕರೆದರು. ನನ್ನನ್ನು ಆಕ್ಸಿಲರೇಟರ್ ಒತ್ತಲು ಕೂಡಿಸಿದರು.

"ಎಷ್ಟ ತೋರಸ್ತೇತಿ?"

"ಹನ್ನೆರಡಕ್ಕ ಒಂದೀಟು ಕಮ್ಮಿ, ಚಾಚಾ."

"ಮಾಸ್ತರ, ರೇಸ್ ಮಾಡ್ರಿ. ಲೈಟ್ ಹಚ್ಚರಿ. ಈಗ?"

"ಇನ್ನೂ ಇಳೀತು!"

"ಗಾಡಿ ಚಾಲೂ ಇದ್ದಾಗ ಹದಿನಾಲ್ಕರ ಆಸುಪಾಸು ಬರಬೇಕವ್ವಾ. ಇಲ್ಲಂದ್ರ ಡೈನಮೋ ಚಾರ್ಜ್ ಮಾಡವಲ್ದು. ಎಷ್ಟ ಹೊಸಾ ಬ್ಯಾಟರಿ ತಂದ್ರೂ ಗಾಡಿ ಎರಡ ದಿನದಾಗ ಉಂಡು ಮುಗಸ್ತೇತಿ." ಹಾಗೆಂದು ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದರು: "ಸ್ಟೇರಿಂಗ್ ಮುಂದ ಒಂದು ಕೆಂಪ ದೀಪ ಹತ್ತಿರಬೇಕಲ್ಲರಿ?"

ಹತ್ತಿತ್ತು. ಒಂದು ವಾರದಿಂದ ಹತ್ತುತ್ತ ಆರುತ್ತ ಇತ್ತು. ಬಯಲಿನಲ್ಲಿ ಗಿರಿಜಾ, "ಅಲ್ಲೇನೋ ಬ್ಯಾಟರಿ ಚಿತ್ರ ಕೆಂಪಗ ಕಾಣಸ್ತೇತಿ ನೋಡ್ರಿ" ಎಂದು ಎರಡು ಸಲ ಹೇಳಿದ್ದಳು. ನಾನು ಎರಡೂ ಸಲ, "ಅದು ಹಂಗ ಇರ್ತೇತಿ, ನೀ ಮುಂದ ನೋಡಿ ನಡಸು" ಎಂದಿದ್ದೆ. ಈಗ ಆಕೆ ಮೀಟರು ಹಿಡಿದುಕೊಂಡೇ ನನ್ನನ್ನು ನೋಡಿದಳು. ನಾನು ಆಕ್ಸಿಲರೇಟರನ್ನು ಇನ್ನಷ್ಟು ಶ್ರದ್ಧೆಯಿಂದ ಒತ್ತಿದೆ. ಚಾಚಾ ಡೈನಮೋ ಬಿಚ್ಚಿ ಒಳಗಿನ ಕಾರ್ಬನ್ ತೋರಿಸಿದರು. ನಾನು ಬೋರ್ಡಿನ ಮೇಲೆ ಇಪ್ಪತ್ತೆರಡು ವರ್ಷ ಬರೆದ ಎರಡು ಬ್ರಷ್ಷು ಅವೇ. ಅಷ್ಟು ವರ್ಷದಲ್ಲಿ ಅವು ಸವೆಯುತ್ತವೆ ಎಂದು ಒಬ್ಬ ವಿದ್ಯಾರ್ಥಿಗೂ ಹೇಳಿರಲಿಲ್ಲ. ಬೋರ್ಡಿನ ಮೇಲೆ ಅವು ಸವೆಯುವುದೇ ಇಲ್ಲವಲ್ಲ. ಇವು ಕಡ್ಲಿಕಾಳಿನಷ್ಟಾಗಿದ್ದವು. ಸಂಜೆಯೊಳಗೆ ಹೊಸ ಕಾರ್ಬನ್ ಹಾಕಿ, ಬ್ಯಾಟರಿಯನ್ನು ಅಂಗಡಿಯ ಚಾರ್ಜರಿಗೆ ಹಚ್ಚಿ ತಂದು ಕೂಡಿಸಿದೆವು. ಗಿರಿಜಾ ಮೀಟರು ಹಿಡಿದು, "ಹದಿನಾಲ್ಕು!" ಎಂದು ಕೂಗಿದಾಗ ಮಹಾದೇವಕ್ಕ ಕೂಡ ಚಪ್ಪಾಳೆ ತಟ್ಟಿದರು. ಯಾರಿಗೆ ತಟ್ಟಿದರೆಂದು ನಾನು ಕೇಳಲಿಲ್ಲ.

ಸೋಮವಾರ ಗಿರಿಜಾ ಪರೀಕ್ಷೆ ಪಾಸಾದಳು. ಬಾಗಲಕೋಟೆಯಿಂದ ಬರುವಾಗ ಆಕೆಯೇ ನಡೆಸಿದಳು. ಅಮೀನಗಡ ದಾಟಿದ ಮೇಲೆ ರಸ್ತೆಯಿಂದ ಕಣ್ಣು ತೆಗೆಯದೆ ಕೇಳಿದಳು: "ಖರೆ ಹೇಳ್ರಿ. ಶುಕ್ರವಾರ ಗಾಡಿ ಚಾಲೂ ಆಗದಿದ್ದಾಗ ನಿಮಗ ಸಂತೋಷ ಆತಲ್ಲಾ?"

ಸುಳ್ಳು ಹೇಳೋಣ ಎಂದುಕೊಂಡೆ. "ಒಂದೀಟು" ಎಂದೆ.

"ಎಷ್ಟು?"

"ಸಾಲಿಗಿ ಸೂಟಿ ಕೊಟ್ಟಷ್ಟು."

ಬೈಯುತ್ತಾಳೆ ಎಂದುಕೊಂಡರೆ ನಕ್ಕಳು. "ಯಾಕ?" ಎಂದಳು. ಲಾರಿ, ದನ, ಗದ್ದಲ ಎಲ್ಲ ನೆಪ. ಪೇಟೆಗೆ, ದವಾಖಾನಿಗೆ, ತವರಿಗೆ ಎಲ್ಲಿಗೆ ಹೊರಟರೂ ಇಪ್ಪತ್ತಾರು ವರ್ಷ ಆಕೆ ಬಾಗಿಲಲ್ಲಿ ನಿಂತು, "ಬರ್ತೀರೇನು?" ಎಂದು ಕೇಳುತ್ತಿದ್ದಳು. ನಾನು ಗೊಣಗುತ್ತ ಅಂಗಿ ಹಾಕಿಕೊಳ್ಳುತ್ತಿದ್ದೆ. ಆ ಗೊಣಗುವ ಸುಖ ಕೈತಪ್ಪುತ್ತದಲ್ಲ ಎಂಬುದು ನನ್ನ ಸಂಕಟ. ಇದನ್ನು ಹೆಂಡತಿಗೆ ಹೇಳುವುದು ಹೇಗೆ? "ಗೇರ್ ಬದಲಿ ಮಾಡು, ಏರು ಬಂತು" ಎಂದೆ. ಆಕೆ ಆಗಲೇ ಬದಲಿ ಮಾಡಿದ್ದಳು.

ಲೈಸೆನ್ಸು ಕೈಗೆ ಬಂದ ಮೊದಲ ಭಾನುವಾರ ಅಕ್ಕತಂಗಿಯರಿಬ್ಬರೇ ಬನಶಂಕರಿಯ ಗುಡಿಗೆ ಹೊರಟರು. "ಬರ್ತೀರೇನು?" ಎಂದು ಯಾರೂ ಕೇಳಲಿಲ್ಲ. "ಅನ್ನ ಸಾರು ಮಾಡಿಟ್ಟೇನಿ, ಉಣ್ರಿ" ಎಂದಳು ಗಿರಿಜಾ. ಹನ್ನೊಂದರ ಸುಮಾರಿಗೆ ಫೋನು ಬಂತು. "ಏನ್ರಿ, ಗುಡಿ ಮುಂದಿನ ಹೊಂಡದ ಹತ್ರ ಹಿಂದ ಮುಂದ ಎರಡೂ ಕಡೆ ಗಾಡಿ ನಿಲ್ಲಿಸ್ಯಾರ. ಹೆಂಗ ತಗೀಲಿ?" ದನಿಯಲ್ಲಿ ಗಾಬರಿ ಇತ್ತು. ನಾನು ಎದ್ದು ನಿಂತೆ. "ಗಾಬರಿ ಆಗಬ್ಯಾಡ. ಸ್ಟೇರಿಂಗ್ ಪೂರ್ತಿ ಎಡಕ್ಕ ತಿರುವು, ಹಿಂದಿನ ಕನ್ನಡಿ ನೋಡು, ಇಲ್ಲಾಂದ್ರ ಹಂಗ ಬಿಡು, ನಾನ ಬಸ್ ಹಿಡದು ಬಂದೆ" ಎನ್ನುತ್ತ ಬಾಗಿಲಿಗೆ ಬಂದಿದ್ದೆ. ಆ ಕಡೆಯಿಂದ ಎಂಜಿನ್ನಿನ ಸದ್ದು, ಮಹಾದೇವಕ್ಕನ "ಬಾ, ಬಾ, ಇನ್ನೂ ಬಾ" ಕೇಳಿಸಿತು. ಆಮೇಲೆ ಗಿರಿಜಾ, "ಬ್ಯಾಡ್ರಿ, ಗಾಡಿ ಹೊರಗ ಬಂತು!" ಎಂದು ಫೋನಿಟ್ಟಳು. ನಾನು ಒಂದೇ ಕಾಲಿಗೆ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದೆ. ಎದುರು ಕಟ್ಟೆಯಿಂದ ಖಾಜೇಸಾಬ್ ಚಾಚಾ, "ಎಲ್ಲಿಗ್ರಿ ಮಾಸ್ತರ?" ಎಂದು ಕೇಳಿದರು. ಎಲ್ಲಿಗೂ ಇಲ್ಲ ಎನ್ನಲು ನಾಚಿಕೆಯಾಗಿ, ಇನ್ನೊಂದು ಚಪ್ಪಲಿಯನ್ನೂ ಮೆಟ್ಟಿಕೊಂಡು, ಬೇಕಿಲ್ಲದ ಕೊತ್ತಂಬರಿ ತರಲು ಪೇಟೆಯ ಕಡೆ ನಡೆದುಕೊಂಡು ಹೋದೆ.