ಅರ್ಧ ಮೀಸೆ ಮತ್ತು ಕೆಂಪು ಕೊಡೆ

ನಿಧಾನಪ್ಪನ ಪಾಡಿಗೆಲ್ಲ ಕಾರಣ ಒಂದು ನರಿಮರಿ. ಅದೂ ನಿಜವಾದ ನರಿಯಲ್ಲ, ಜಪಾನಿನವರು ಬಣ್ಣ ತುಂಬಿ ಬರೆದ ನರಿ.

ನಿಧಾನಪ್ಪ ಅನ್ನುವುದು ಬೀದಿಯವರು ಇಟ್ಟ ಅಡ್ಡಹೆಸರು. ಅವನದು ಕ್ಷೌರದ ಅಂಗಡಿ. ಕೈ ಒಳ್ಳೆಯದು, ಆದರೆ ಬಲಗೆನ್ನೆ ಮುಗಿಸುವಷ್ಟರಲ್ಲಿ ಎಡಗೆನ್ನೆಯಲ್ಲಿ ಮತ್ತೆ ಗಡ್ಡ ಬಂದಿರುತ್ತದೆ ಎಂದು ಜನ ಆಡಿಕೊಳ್ಳುತ್ತಿದ್ದರು. ಎದುರಿಗೆ ದೊಡ್ಡ ಟಿವಿ ಇಟ್ಟುಕೊಂಡು ಹೊಸ ಸಲೂನು ಶುರುವಾದ ಮೇಲೆ ಗಿರಾಕಿಗಳೆಲ್ಲ ರಸ್ತೆ ದಾಟಿದರು. ಇವನು ನೊಣ ಹೊಡೆಯುತ್ತ ಕೂತ.

ಹೆಂಡತಿಯ ಅಣ್ಣನಿಗೆ ಕಬ್ಬಿಣದ ಸಾಮಾನಿನ ಅಂಗಡಿಯಿತ್ತು. "ಈ ಭಾನುವಾರ ಬಂದು ನೋಡ್ತೀನಿ. ಅವತ್ತೂ ನಿನ್ನಂಗಡಿ ಖಾಲಿ ಇದ್ರೆ, ಸೋಮವಾರದಿಂದ ನನ್ನಲ್ಲಿಗೆ ಮೊಳೆ ತೂಗೋಕೆ ಬಾ," ಎಂದು ಆ ಭಾವ ಹೇಳಿಬಿಟ್ಟಿದ್ದ. ಅವನ ಕೈಕೆಳಗೆ ಮೊಳೆ ತೂಗುವುದಕ್ಕಿಂತ ಆ ಮೊಳೆಗಳ ಮೇಲೆ ಮಲಗುವುದೇ ವಾಸಿ ಎಂದು ನಿಧಾನಪ್ಪನಿಗೆ ಅನ್ನಿಸಿತ್ತು.

ಆಗ ಉಪಾಯ ಹೇಳಿದ್ದು ಮಗಳು. ಅಪ್ಪ ಮಗಳು ಇಬ್ಬರೂ ಊಟವಾದ ಮೇಲೆ ಜಪಾನಿನ ಒಂದು ಅನಿಮೆ ಸರಣಿ ನೋಡುತ್ತಿದ್ದರು. ಕೊಡೆ ರಿಪೇರಿ ಮಾಡುವ ಒಬ್ಬ ಮುದುಕ, ಅವನ ಜೊತೆಗೊಂದು ನರಿಮರಿ. ಜನ ಮರೆತುಹೋದ ಕೊಡೆಗಳನ್ನು ನರಿಮರಿ ಅವರವರ ಮನೆಗೆ ಮುಟ್ಟಿಸಿ ಬರುತ್ತದೆ. ಅಂಗಡಿಯ ಮೂಲೆಯ ಕೆಂಪು ಕೊಡೆಯೊಂದಕ್ಕೆ ಮಾತ್ರ ವಾರಸುದಾರರಿಲ್ಲ. ಇನ್ನು ಕೊನೆಯ ಕಂತೊಂದೇ ಬಾಕಿಯಿತ್ತು. ನಿಧಾನಪ್ಪ ಇಷ್ಟರಲ್ಲೇ ಅತ್ತು ಅತ್ತು ಎರಡು ದಿಂಬು ನೆನೆಸಿದ್ದ.

"ಅಪ್ಪಾ, ಇದನ್ನೇ ಅಂಗಡೀಲಿ ಹಾಕು. ಒಂದ್ಸಲ ಕೂತೋರು ಏಳಲ್ಲ," ಎಂದಳು ಮಗಳು. ತನ್ನ ಫೋನನ್ನು ಅಂಗಡಿಯ ಹಳೇ ಟಿವಿಗೆ ಜೋಡಿಸಿ ಕೊಟ್ಟಳು.

ಭಾನುವಾರ ಬೆಳಿಗ್ಗೆ ಮೊದಲು ಬಂದವನು ಬ್ಯಾಂಕಿನ ವಾಚ್‌ಮನ್. ಎದುರಂಗಡಿಯಲ್ಲಿ ನೂಕುನುಗ್ಗಲು ಇದ್ದದ್ದರಿಂದ ಇಲ್ಲಿಗೆ ಬಂದಿದ್ದ. ಅವನ ಮೀಸೆ ಎಷ್ಟು ದೊಡ್ಡದೆಂದರೆ, ಬ್ಯಾಂಕನ್ನು ಕಾಯುತ್ತಿದ್ದದ್ದು ಅದೇ ಎಂದು ಎಲ್ಲರೂ ನಂಬಿದ್ದರು.

"ಏನಯ್ಯ ಇದು, ಮಕ್ಕಳ ಕಾರ್ಟೂನು?"

"ಕಾರ್ಟೂನಲ್ಲ ಅಣ್ಣ, ಅನಿಮೆ. ಮೊದಲ ಎರಡು ಕಂತು ಸ್ವಲ್ಪ ನಿಧಾನ."

"ನಿನ್ನ ಥರಾನೇ ಅನ್ನು."

"ಮೂರನೇದ್ರಲ್ಲಿ ಅಳು ಬರದಿದ್ರೆ ಶೇವಿಂಗಿಗೆ ದುಡ್ಡು ಕೊಡಬೇಡಿ."

ತೊಂದರೆ ಇದ್ದದ್ದು ಬೇರೆ ಕಡೆ. ಟಿವಿ ಇದ್ದದ್ದು ಹಿಂದಿನ ಗೋಡೆಗೆ. ಕುರ್ಚಿಯಲ್ಲಿ ಕೂತವರು ಅದನ್ನು ಕನ್ನಡಿಯಲ್ಲಿ ನೋಡಬೇಕು. ಮಾತೆಲ್ಲ ಜಪಾನಿ ಭಾಷೆಯಲ್ಲಿ, ಅರ್ಥ ಕೆಳಗಿನ ಅಕ್ಷರಗಳಲ್ಲಿ. ಕನ್ನಡಿಯಲ್ಲಿ ಆ ಅಕ್ಷರಗಳೆಲ್ಲ ಉಲ್ಟಾ. ಅದೃಷ್ಟಕ್ಕೆ, ದಿನಾ ಪುಕ್ಕಟೆ ಪೇಪರ್ ಓದಲು ಬರುವ ನಿವೃತ್ತ ಮೇಷ್ಟ್ರು ಬೆಂಚಿನ ಮೇಲಿದ್ದರು. ಅವರು ಪೇಪರ್ ಮಡಚಿಟ್ಟು, ಪಾಠ ಮಾಡುವ ದನಿಯಲ್ಲಿ ಒಂದೊಂದೇ ಸಾಲು ಓದಿ ಹೇಳತೊಡಗಿದರು.

ಮೂರನೇ ಕಂತಿನಲ್ಲಿ ನರಿಮರಿ ಕೆಂಪು ಕೊಡೆಯ ಪಕ್ಕ ಕೂತು ಏನೋ ಹೇಳಿತು. ಮೇಷ್ಟ್ರು ಕನ್ನಡಕ ತೆಗೆದು ಒರೆಸತೊಡಗಿದರು. ಓದು ನಿಂತಿತು.

"ಏನಂತು ಸಾರ್? ನರಿ ಏನಂತು?" ಎನ್ನುತ್ತ ವಾಚ್‌ಮನ್ ಗಕ್ಕನೆ ಹಿಂದಕ್ಕೆ ತಿರುಗಿದ. ನಿಧಾನಪ್ಪನ ಕೈಯ ಕತ್ತಿ ಇದ್ದಲ್ಲೇ ಇತ್ತು. ಅರ್ಧ ಮೀಸೆ ಇರಲಿಲ್ಲ.

ನಿಧಾನಪ್ಪ ಕತ್ತಿಯನ್ನು ಬೆನ್ನ ಹಿಂದೆ ಅಡಗಿಸಿದ. ವಾಚ್‌ಮನ್ ಕನ್ನಡಿಯಲ್ಲಿ ತನ್ನ ಮುಖ ನೋಡಿಕೊಂಡ. ಕಣ್ಣಿಂದ ನೀರು ಧಾರಾಕಾರ ಸುರಿಯುತ್ತಿತ್ತು.

"ಮೀಸೆ ಹಾಳಾಗ್ಲಿ, ಮತ್ತೆ ಬರುತ್ತೆ. ಆ ಕೊಡೆ ಯಾರ್ದು, ಅದು ಹೇಳು."

"ಹೇಳಿದ್ರೆ ಮಜಾ ಹೋಗುತ್ತೆ ಅಣ್ಣ. ಕೊನೇ ಕಂತಲ್ಲಿದೆ. ಟವೆಲ್ ಹಿಡ್ಕೊಂಡು ಕೂತ್ಕೊಳ್ಳಿ," ಎಂದ ನಿಧಾನಪ್ಪ, ಎಲ್ಲ ಬಲ್ಲವನಂತೆ.

ಒಳಗಿನ ಅಳು ಕೇಳಿ, ಏನೋ ಅನಾಹುತವಾಗಿದೆ ಎಂದು ಎದುರಂಗಡಿಯ ಗಿರಾಕಿಗಳು ಓಡಿ ಬಂದರು. ಬಂದವರು ಕೂತರು, ಕೂತವರು ಅತ್ತರು. ಮಧ್ಯಾಹ್ನದ ಹೊತ್ತಿಗೆ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಖಾಲಿ ಇದ್ದದ್ದು ಕ್ಷೌರದ ಕುರ್ಚಿ ಮಾತ್ರ. ಅಲ್ಲಿ ಕೂತರೆ ಅಕ್ಷರ ಉಲ್ಟಾ ಕಾಣುತ್ತದೆಂದು ಯಾರೂ ಅದರ ಹತ್ತಿರ ಸುಳಿಯಲಿಲ್ಲ. ಟವೆಲುಗಳೆಲ್ಲ ಒದ್ದೆ, ಕತ್ತರಿ ಮಾತ್ರ ಒಣಗಿತ್ತು. ಆದರೂ ನಿಧಾನಪ್ಪ ಖುಷಿಯಾಗಿದ್ದ. ಭಾವ ಬಂದು ನೋಡಲಿ, ಇದಕ್ಕಿಂತ ತುಂಬಿದ ಅಂಗಡಿ ಬೇಕೆ?

ಸಂಜೆ ಕೊನೆಯ ಕಂತು ಶುರುವಾಯಿತು. ನರಿಮರಿ ಕೆಂಪು ಕೊಡೆಯನ್ನು ಬಾಯಲ್ಲಿ ಕಚ್ಚಿಕೊಂಡು ಹೊಸ್ತಿಲು ದಾಟಿತು. ಅಲ್ಲಿಗೆ ಚಿತ್ರ ನಿಂತು, ಒಂದು ಚಕ್ರ ಗಿರಗಿರ ತಿರುಗತೊಡಗಿತು. ಮಗಳ ಫೋನಿನ ಡೇಟಾ ಕೈಕೊಟ್ಟಿತ್ತು.

"ಹೋಗ್ಲಿ, ನೀನೇ ಹೇಳಪ್ಪ, ಕೊಡೆ ಯಾರ್ದು?" ಎಂದರು ಮೇಷ್ಟ್ರು.

"ನಾನೂ... ಕೊನೇದು ನೋಡಿಲ್ಲ ಮೇಷ್ಟ್ರೇ."

ಇಡೀ ಅಂಗಡಿ ಅವನನ್ನು ದುರುಗುಟ್ಟಿ ನೋಡಿತು. ಗಿರಾಕಿಗಳನ್ನು ಹುಡುಕಿಕೊಂಡು ಬಂದು ಬಾಗಿಲಲ್ಲೇ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದ ಎದುರಂಗಡಿಯವನು ಆಗ ಬಾಯಿಬಿಟ್ಟ.

"ನಮ್ಮಲ್ಲಿ ವೈಫೈ ಇದೆ. ಟಿವಿ ಕನ್ನಡಿ ಮೇಲೇ ಇದೆ, ಅಕ್ಷರ ನೆಟ್ಟಗೆ ಕಾಣುತ್ತೆ. ಆದ್ರೆ ಬಂದು ಕೂತೋರೆಲ್ಲ ಕಟಿಂಗೋ ಶೇವಿಂಗೋ ಮಾಡಿಸ್ಲೇಬೇಕು."

ಗುಂಪು ಎದ್ದು ರಸ್ತೆ ದಾಟಿತು. ನಿಧಾನಪ್ಪ ಖಾಲಿ ಬೆಂಚನ್ನೊಮ್ಮೆ ನೋಡಿದ, ಸುತ್ತುತ್ತಿದ್ದ ಚಕ್ರವನ್ನೊಮ್ಮೆ ನೋಡಿದ. ಅವನಿಗೂ ತಡೆಯಲಾಗಲಿಲ್ಲ, ಬಾಗಿಲನ್ನೂ ಹಾಕದೆ ಹಿಂದೆಯೇ ಓಡಿದ.

ಅಲ್ಲಿ ಸಿಕ್ಕಿದ್ದು ಒಂದೇ ಕುರ್ಚಿ. ಕುತ್ತಿಗೆಗೆ ಬಟ್ಟೆ, ಕೆನ್ನೆಗೆ ನೊರೆ, ಗಂಟಲ ಹತ್ತಿರ ಕತ್ತಿ. ಪಕ್ಕದ ಕುರ್ಚಿಯಲ್ಲಿ ವಾಚ್‌ಮನ್ ಉಳಿದರ್ಧ ಮೀಸೆ ತೆಗೆಸುತ್ತಿದ್ದ. ಅಷ್ಟರಲ್ಲಿ ಬಾಗಿಲಲ್ಲಿ ಭಾವ ಕಾಣಿಸಿಕೊಂಡ.

"ಅಲ್ಲಿ ಬಾಗಿಲು ತೆಗೆದು ಬಿದ್ದಿದೆ, ಒಳಗೆ ನರಪಿಳ್ಳೆ ಇಲ್ಲ. ನಿನ್ನ ಗಡ್ಡಕ್ಕೂ ಎದುರಂಗಡೀನೇ ಬೇಕಾಯ್ತಾ?"

"ಶ್," ಎಂದಿತು ಸಲೂನು.

ಪರದೆಯ ಮೇಲೆ ಮಳೆ. ಊರೆಲ್ಲ ಸುತ್ತಿ ಸೋತು ಬಂದ ನರಿಮರಿಯ ಕೈಗೇ ಮುದುಕ ಆ ಕೆಂಪು ಕೊಡೆಯನ್ನು ಬಿಚ್ಚಿ ಕೊಟ್ಟ. ಅದನ್ನು ಯಾರೂ ಮರೆತುಹೋಗಿರಲಿಲ್ಲ. ಆ ನರಿಮರಿಗೆಂದೇ ಅವನು ಮಾಡಿಟ್ಟದ್ದು.

ಸಲೂನಿಗೆ ಸಲೂನೇ ಅತ್ತಿತು. ಅಷ್ಟು ಹಿತವಾಗಿ ನಿಧಾನಪ್ಪ ಎಂದೂ ಅತ್ತಿರಲಿಲ್ಲ. ಕಣ್ಣು ಬಿಟ್ಟು ನೋಡಿದರೆ, ಭಾವ ಅವನ ಕುತ್ತಿಗೆಯ ಬಟ್ಟೆಯ ಚುಂಗಿನಲ್ಲೇ ಮೂಗು ಒರೆಸಿಕೊಳ್ಳುತ್ತಿದ್ದ.

"ನಾಳೆ ಬೆಳಿಗ್ಗೇನೇ ನಮ್ಮಂಗಡಿಗೆ ಬಾ. ಬರುವಾಗ ನಿನ್ನಂಗಡಿ ಟಿವಿ ತಗೊಂಡು ಬಾ. ಮೊದಲಿಂದ ನೋಡ್ಬೇಕು."

"ಮೊದಲ ಎರಡು ಕಂತು ಸ್ವಲ್ಪ ನಿಧಾನ ಭಾವ," ಎಂದ ನಿಧಾನಪ್ಪ, ಹೇಗಾದರೂ ತಪ್ಪಿಸಿಕೊಳ್ಳಲು.

"ಇರ್ಲಿ ಬಿಡು. ಆತುರ ಏನು? ಇನ್ಮೇಲೆ ದಿನಾ ಬರ್ತೀಯಲ್ಲ."