ರಸಮಟ್ಟದ ಗುಳ್ಳೆಯನ್ನು ಹಿಂದಿರುಗಿಸುವ ಬಗ್ಗೆ

ಇಂದ,
ಗೋಡೆಗೆ ಕಲ್ಲುಹಲಗೆ ಕೂರಿಸುವ ವಿಭಾಗದ ತರಬೇತಿ ಅಭ್ಯರ್ಥಿ, ಬಿ.ಎ.
(ಕೆಲಸದ ಜಾಗದಲ್ಲಿ ಈಗ ಎಲ್ಲರೂ ಕರೆಯುವುದು: ಗುಳ್ಳೇರಾಯ)

ಗೆ,
ಮಾನ್ಯ ಪ್ರಾಚಾರ್ಯರು,
ಕಟ್ಟಡ ಕಸುಬುಗಳ ತರಬೇತಿ ಸಂಸ್ಥೆ

ವಿಷಯ: ಇಲ್ಲದ ಗುಳ್ಳೆಯನ್ನು ಮರಳಿಸಿ, ಇರುವ ಸರ್ಟಿಫಿಕೇಟನ್ನು ಪಡೆಯುವ ಕುರಿತು.

ಉಲ್ಲೇಖ: 1. ‘ಗುಳ್ಳೆ ಬಾಕಿ’ ಎಂಬ ತಮ್ಮ ನೋಟೀಸು.
2. ‘ವಿಚಾರಣೆಯಲ್ಲಿ ನಕ್ಕಿದ್ದೇಕೆ’ ಎಂಬ ತಮ್ಮ ಇನ್ನೊಂದು ನೋಟೀಸು.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಅರ್ಜಿದಾರನು ಅರಿಕೆ ಮಾಡಿಕೊಳ್ಳುವುದೇನೆಂದರೆ, ಕೆಳಗೆ ಬರೆದದ್ದೆಲ್ಲ ನಡೆದದ್ದು. ಕಟ್ಟಿ ಹೇಳಿದ ಕಥೆ ಎಂದು ತಮಗೆ ಅನ್ನಿಸಿದರೆ, ತಮ್ಮ ಸಂಸ್ಥೆಯಲ್ಲಿ ಕಟ್ಟುವುದನ್ನು ಯಾರಿಗೂ ಕಲಿಸಿಲ್ಲವೆಂಬುದನ್ನು ದಯವಿಟ್ಟು ನೆನಪಿಸಿಕೊಳ್ಳುವುದು.

1. ಅರ್ಜಿದಾರನು ತಮ್ಮಲ್ಲಿ ಒಂದು ವರ್ಷ ತರಬೇತಿ ಹೊಂದಿರುತ್ತಾನೆ. ಕಲ್ಲು ಭಾರವೆಂಬ ಕಾರಣಕ್ಕೆ ಥರ್ಮಾಕೋಲಿನಲ್ಲಿ, ಥರ್ಮಾಕೋಲು ಮುರಿಯುತ್ತದೆಂಬ ಕಾರಣಕ್ಕೆ ಕಪ್ಪುಹಲಗೆಯ ಮೇಲೆ, ಸೀಮೆಸುಣ್ಣ ಮುಗಿದ ಕಾರಣ ಬಾಯಿಮಾತಿನಲ್ಲಿ ಕಸುಬು ಕಲಿಸಲಾಯಿತು. ‘ರಸಮಟ್ಟವೆಂದರೆ ಒಳಗೆ ಗಾಳಿಗುಳ್ಳೆಯಿರುವ ಗಾಜಿನ ಕೊಳವೆಯುಳ್ಳ, ಮಟ್ಟ ನೋಡುವ ಪಟ್ಟಿ’ ಎಂದು ಬರೆದು ಅರ್ಜಿದಾರನು ಪೂರ್ತಿ ಅಂಕ ಪಡೆದನು. ಮುಟ್ಟಲು ಮಾತ್ರ ಬಿಡಲಿಲ್ಲ. ಅದು ತಮ್ಮ ಕೊಠಡಿಯ ಗಾಜಿನ ಬೀರುವಿನಲ್ಲಿ, ಬೀಗದೊಳಗೆ, ದಿನವೂ ಮೈ ಒರೆಸಿಸಿಕೊಂಡು ಸುಖವಾಗಿತ್ತು.

2. ಆದ್ದರಿಂದ, ಕೊನೆಯ ತಿಂಗಳು ನಿಜವಾದ ಕಟ್ಟಡಕ್ಕೆ ಕಳಿಸಿದಾಗ ಅರ್ಜಿದಾರನು ಕೂರಿಸಿದ ಮೊದಲ ಕಲ್ಲು ಕುಡಿದವನ ಟೋಪಿಯಂತೆ ಓರೆಯಾಗಿ ಕೂತಿತು. ಮೇಸ್ತ್ರಿಯವರು ಅದರ ಮೇಲೆ ರಸಮಟ್ಟ ಇಟ್ಟರು. ಗುಳ್ಳೆ ಒಂದು ಮೂಲೆಗೆ ಓಡಿತು. ಮೇಸ್ತ್ರಿಯವರು ಸಾವಿನ ಮನೆಗೆ ಬಂದವರಂತೆ ಮುಖ ಮಾಡಿಕೊಂಡು,

“ಲೋ ಬಿ.ಎ., ಇದರ ಗುಳ್ಳೆ ಸವೆದುಹೋಗಿದೆ ಕಣೋ. ಉಗ್ರಾಣದಲ್ಲಿ ಹೊಸಾದು ತಗೊಂಡ್ ಬಾ. ನಡುಮಧ್ಯ ನಿಲ್ಲೋದನ್ನೇ ಕೇಳು, ಮೂಲೆಗೆ ಓಡೋದನ್ನ ದಾಟಿಸಿಬಿಟ್ಟಾರು” ಎಂದರು.

ನಿಂತು ಕೆಲಸ ಮಾಡಲು ಬೊಂಬು ಕಟ್ಟಿದ ಸಾರುವೆಯ ಮೇಲಿದ್ದವರೆಲ್ಲ ಗೋಡೆಯ ಕಡೆ ತಿರುಗಿ ಕೆಮ್ಮಿದರು. ಧೂಳಿಗಿರಬೇಕು ಎಂದುಕೊಂಡನು ಅರ್ಜಿದಾರ.

3. ಉಗ್ರಾಣ ನೋಡಿಕೊಳ್ಳುವ ಅಕ್ಕ, “ಅಯ್ಯೋ ತಮ್ಮಾ, ಕೊನೇ ಗುಳ್ಳೆ ಬೆಳಗ್ಗೆ ತಾನೇ ಖರ್ಚಾಯ್ತಲ್ಲೋ! ನಿಮ್ಮ ಪ್ರಿನ್ಸಿಪಾಲರ ಹತ್ರ ಇದ್ದೀತು, ಕೇಳು” ಎಂದರು. ಅರ್ಜಿದಾರನು ಬಸ್ಸು ಹತ್ತಿ ತಮ್ಮ ಕೊಠಡಿಗೆ ಬಂದನು. ಇಲ್ಲಿಯವರೆಗಿನದು ಹೊಸಬರ ಮೇಲೆ ಎಲ್ಲ ಕಟ್ಟಡಗಳಲ್ಲೂ ನಡೆಯುವ ಚೇಷ್ಟೆ. ಮುಂದಿನದು ತಮ್ಮ ಸಂಸ್ಥೆಯಲ್ಲಿ ಮಾತ್ರ ನಡೆಯಬಲ್ಲದ್ದು.

4. ತಾವು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು, “ಎಷ್ಟು ಬೇಕಯ್ಯಾ?” ಎಂದಿರಿ.

“ಒಂದು ಸಾಕು ಸಾರ್. ನಡುಮಧ್ಯ ನಿಲ್ಲೋದು.”

“ಹೂಂ. ಒಳ್ಳೇ ಕಂಪನೀದೇ ತರಿಸೋಣ. ಹೋದ ಸಲ ಯಾವುದೋ ಅಗ್ಗದ್ದು ತಂದು ಹಾಳುಮಾಡಿದ್ರು.”

ಹೋದ ಸಲ ಬಂದ ಗುಳ್ಳೆ ಯಾವುದೆಂದು ಅರ್ಜಿದಾರನಿಗೆ ಇಂದಿಗೂ ಕುತೂಹಲವಿದೆ. ಸಾಮಾನು ಬರುವ ಮೊದಲೇ ‘ತಲುಪಿದೆ’ ಎಂದು ಸಹಿ ಮಾಡಿಸಿಕೊಳ್ಳುವ ಸಂಸ್ಥೆಯ ಪದ್ಧತಿಯಂತೆ ತಾವು ಈ ಗುಳ್ಳೆಗೂ ಅವನಿಂದ ಸಹಿ ಮಾಡಿಸಿಕೊಂಡಿರಿ. ಇದೇ ಪದ್ಧತಿಯಲ್ಲಿ ಅವನಿಗೆ ಬೂಟು, ಹೆಲ್ಮೆಟ್ಟು ಎಲ್ಲವೂ ತಲುಪಿದ್ದು, ಅವನು ಚಪ್ಪಲಿಯಲ್ಲೇ ಸಾರುವೆ ಹತ್ತುತ್ತಿದ್ದಾನೆ.

5. ಅರ್ಜಿದಾರನು ಹಿಂದಿರುಗಿ, “ಪ್ರಿನ್ಸಿಪಾಲರು ಮಂಜೂರು ಮಾಡಿದಾರೆ, ಮುಂದಿನ ವಾರ ಬರುತ್ತಂತೆ” ಎಂದದ್ದೇ ತಡ, ಮೇಸ್ತ್ರಿಯವರು ಕಂಬ ತಬ್ಬಿಕೊಂಡು ಕುಸಿದರು.

“ಮಂಜೂರಾ? ಬಲೆ ಹಾಕಿದ್ದು ನಿನಗೆ, ಬಿದ್ದಿದ್ದು ದೊಡ್ಡ ಮೀನು ಕಣೋ!”

ಆಮೇಲೆ ಕಣ್ಣೊರೆಸಿಕೊಂಡು, ಕಲ್ಲಿನ ಒಂದು ಬದಿ ಎತ್ತಿ, ಅದರ ಕೆಳಗೆ ಕಲ್ಲಿನ ಚೂರೊಂದನ್ನು ತೂರಿಸಿದರು. ಗುಳ್ಳೆ ತಾನಾಗಿ ನಡುವಿಗೆ ಬಂದು ನಿಂತಿತು. “ಓರೆ ಇದ್ದಿದ್ದು ನಿನ್ನ ಕಲ್ಲು, ಪೆದ್ದೇ.” ಅರ್ಜಿದಾರನಿಗೆ ಅವಮಾನಕ್ಕಿಂತ ಹಟ ಹೆಚ್ಚಾಯಿತು. ತಿಂಗಳು ಮುಗಿಯುವಷ್ಟರಲ್ಲಿ ಅವನ ಕಲ್ಲುಗಳು ನೆಟ್ಟಗೆ ಕೂರತೊಡಗಿ, ಮೇಸ್ತ್ರಿಯವರು ಮುಂದಿನ ಕಟ್ಟಡಕ್ಕೆ ಅವನನ್ನು ತಮ್ಮ ತಂಡಕ್ಕೇ ಕರೆದಿರುತ್ತಾರೆ. ಸೋಮವಾರ ಕೆಲಸ ಶುರು. ಸರ್ಟಿಫಿಕೇಟು ಇಲ್ಲದವನನ್ನು ಗೇಟಿನೊಳಗೆ ಬಿಡುವುದಿಲ್ಲ.

6. ಸರ್ಟಿಫಿಕೇಟನ್ನು ತಾವು ಬಿಡುತ್ತಿಲ್ಲ. ಕಾರಣ, ಗುಳ್ಳೆ ಬಾಕಿ. ‘ಪಡೆದ ಸ್ಥಿತಿಯಲ್ಲೇ ಮರಳಿಸತಕ್ಕದ್ದು’ ಎಂಬ ತಮ್ಮ ನೋಟೀಸನ್ನು ಅರ್ಜಿದಾರನ ಹೆಂಡತಿ ಓದಿ, “ರೀ, ಇವರು ನಿಮಗೆ ಪಾಠ ಹೇಳಿದವರಾ, ನೀವೇ ಇವರಿಗೆ ಹೇಳಿದ್ರಾ? ಕೇಳಿದಾರಲ್ಲ, ಕೊಟ್ಟುಬಿಡಿ” ಎಂದು ಕೂದಲೆಣ್ಣೆಯ ಖಾಲಿ ಸೀಸೆಗೆ ನೀರು ತುಂಬಿ, ಮೇಲೆ ಚೂರು ಜಾಗ ಬಿಟ್ಟು, ಮುಚ್ಚಳ ಬಿಗಿದಳು.

7. ಇನ್ನು ನಕ್ಕ ವಿಚಾರ. ಗುಳ್ಳೆ ಬಾಕಿಯ ಬಗ್ಗೆ ನಡೆಸಿದ ವಿಚಾರಣೆಯಲ್ಲಿ ತಾವು, “ಗುಳ್ಳೆಯನ್ನ ಕೊನೇ ಸಲ ಎಲ್ಲಿ ನೋಡಿದೆ?” ಎಂದಿರಿ.

“ಮೂಲೇಲಿ ಸಾರ್.”

“ಮತ್ತೆ ಅಲ್ಲೇ ಎತ್ತಿಟ್ಕೋಬಾರದಿತ್ತೇನಯ್ಯಾ?”

ಸಾಕ್ಷಿಗೆ ಬಂದಿದ್ದ ಮೇಸ್ತ್ರಿಯವರು ಕೈಗವಸನ್ನು ಬಾಯಿಗೆ ತುರುಕಿಕೊಂಡರು. ಪೆನ್ನು ಹುಡುಕಲು ಮೇಜಿನಡಿ ಹೋದ ಗುಮಾಸ್ತರು ಬಹಳ ಹೊತ್ತು ಮೇಲೆ ಬರಲಿಲ್ಲ. ಎಲ್ಲರಿಗಿಂತ ಜೋರಾಗಿ ನಕ್ಕವನು ಅರ್ಜಿದಾರನೇ ಎಂಬ ಆರೋಪವನ್ನು ಅವನು ಒಪ್ಪುತ್ತಾನೆ. ಬೇಸ್ತುಬಿದ್ದವನು ಅವನಾದ ಕಾರಣ, ನಗುವ ಮೊದಲ ಹಕ್ಕೂ ಅವನದೇ.

ಆದ್ದರಿಂದ ಇದರೊಂದಿಗಿರುವ ಗುಳ್ಳೆಯನ್ನು ಸ್ವೀಕರಿಸಿ, ಬಾಕಿ ತೀರಿತೆಂದು ಬರೆದು, ಶನಿವಾರದೊಳಗೆ ಸರ್ಟಿಫಿಕೇಟು ದಯಪಾಲಿಸಬೇಕಾಗಿ ಪ್ರಾರ್ಥನೆ.

ತಮ್ಮ ವಿಶ್ವಾಸಿ,
(ಸಹಿ, ಈ ಸಲ ಓದಿಯೇ ಹಾಕಿದ್ದು)

ಲಗತ್ತುಗಳು:
1. ಗುಳ್ಳೆ, ಒಂದು, ಸೀಸೆ ಸಮೇತ. ಅಲುಗಾಡಿಸಿದರೆ ಹಲವಾಗುತ್ತದೆ. ಹೆಚ್ಚಾದದ್ದು ಸಂಸ್ಥೆಗೆ ಕೊಡುಗೆ.
2. ತಮ್ಮ ಮೊದಲ ನೋಟೀಸು. ಎರಡನೆಯದು ಸಾರುವೆಯ ಮೇಲೆ ಕೈಯಿಂದ ಕೈಗೆ ಹೋಗುತ್ತಿದ್ದು, ಎಲ್ಲರೂ ಓದಿದ ಮೇಲೆ ಕಳಿಸಲಾಗುವುದು.

ವಿಶೇಷ ಸೂಚನೆ: ಸೀಸೆಯನ್ನು ತಾವು ಪರಿಶೀಲಿಸುವ ಹೊತ್ತಿಗೆ ಅರ್ಜಿದಾರನು ಖುದ್ದು ಹಾಜರಿರುತ್ತಾನೆ. ಅಷ್ಟು ಹೊತ್ತು ನಿಂತುಕೊಂಡು ನಗುವುದು ಕಷ್ಟವಾದ ಕಾರಣ, ಒಂದು ಕುರ್ಚಿ ಮಂಜೂರು ಮಾಡಬೇಕಾಗಿ ವಿನಂತಿ.