ಮಾಮಾನ ಮೋಟಾರಿಗೆ ಬಣ್ಣವೋ, ಬೇಡವೋ?

ನಮ್ಮ ಮಾಮಾನಷ್ಟು ಜಾಗರೂಕ ಚಾಲಕ ಇಳಕಲ್, ಹುನಗುಂದ, ಬಾಗಲಕೋಟೆ ಎಲ್ಲ ಸೇರಿಸಿ ಹುಡುಕಿದರೂ ಸಿಗುತ್ತಿರಲಿಲ್ಲ. ಹನ್ನೊಂದು ವರ್ಷ ದಿನಾ ಸಂಜೆ ಸ್ಟೇರಿಂಗ್ ಹಿಡಿದು ಕೂತವನು ಒಂದು ಕೋಳಿಮರಿಗೂ ಗಾಯ ಮಾಡಲಿಲ್ಲ! ಕಾರು ಶೆಡ್ಡು ಬಿಟ್ಟು ಹೊರಗೇ ಬರುತ್ತಿರಲಿಲ್ಲ ಎಂಬುದು ಬೇರೆ ಮಾತು.

ಆ ಕಾರು ಅವನ ಅಪ್ಪ, ಅಂದರೆ ನನ್ನ ತಾಯಿಯ ತಂದೆ, ಬಿಟ್ಟುಹೋದದ್ದು. ಅಜ್ಜ ಸೀರೆ ವ್ಯಾಪಾರಿ. ದೇಶ ಬಿಟ್ಟು ಹೊರಟಿದ್ದ ಯಾರೋ ಬಿಳಿಯ ಸಾಹೇಬನಿಂದ ಅದನ್ನು ಕೊಂಡಿದ್ದನಂತೆ. ಅಜ್ಜ ತೀರಿಕೊಂಡ ಮೇಲೆ ಅದು ನಿಂತಲ್ಲೇ ನಿಂತಿತು. ಎಪ್ಪತ್ತರ ದಶಕದ ಕೊನೆಗೆ ನಾನು ಶಿಕ್ಷಕಿಯಾಗಿ ಇಳಕಲ್ಲಿಗೆ ಬಂದು ಮಾಮಾನ ಮನೆಯಲ್ಲೇ ಉಳಿದುಕೊಂಡೆ. ಆಗ ಮನೆಯಲ್ಲಿ ಒಂದೇ ಚರ್ಚೆ. ಕಾರನ್ನು ಬಿಚ್ಚಿ, ತಿದ್ದಿ, ಬಣ್ಣ ಹೊಡೆಸಿ ಹೊಸದು ಮಾಡುವುದೋ, ಇಲ್ಲ ಅಜ್ಜ ಬಿಟ್ಟುಹೋದ ಹಾಗೇ ಇಡುವುದೋ? ಸೋಮವಾರ ಮಾಮಾ ಬಣ್ಣದ ಪಕ್ಷ, ಮಂಗಳವಾರ ತುಕ್ಕಿನ ಪಕ್ಷ. ಬುಧವಾರ ಎರಡೂ ಪಕ್ಷದ ಪರವಾಗಿ ತಾನೇ ವಾದಿಸಿ ತಾನೇ ಸೋಲುತ್ತಿದ್ದ!

ಮದುವೆಯ ಆಮಂತ್ರಣ ಕೊಡಲು ಬಂದವರಿಗೂ ಮೊದಲು ಕಾರಿನ ತಗ್ಗುಗಳ ದರ್ಶನವಾಗಬೇಕು, ಚಹಾ ಆಮೇಲೆ.

"ಇದು ಹುನಗುಂದದ ಮೈಲಿಗಲ್ಲಿಗೆ ಬಡಿದದ್ದು. ಇದು ರಾಮಥಾಳದ ಹೋರಿ ಗುಮ್ಮಿದ್ದು ನೋಡ್ರಿ. ಇದನ್ನ ಬಡಿದು ಸಪಾಟ ಮಾಡಿದ್ರ ಆ ಹೋರಿಗೆ ನಾ ಏನ್ ಉತ್ತರಾ ಹೇಳ್ಲಿ?"

"ಆ ಹೋರಿ ಸತ್ತು ಯಾವ ಕಾಲ ಆತು! ಅದೇನು ಕೇಳಾಕ ಬರ್ತೈತೇನ್ರಿ?" ಎಂದು ಅತ್ತೆ ಒಳಗಿನಿಂದ ಕೂಗುತ್ತಿದ್ದಳು.

ಒಮ್ಮೆ ಅತ್ತೆ ಧೂಳು ನೋಡಲಾರದೆ ಒದ್ದೆ ಬಟ್ಟೆಯಿಂದ ಕಾರಿನ ಮೂತಿ ಒರೆಸಿಬಿಟ್ಟಳು. ಮಾಮಾ ಊಟ ಬಿಟ್ಟು ಕೂತ.

"ಅದರ ಮ್ಯಾಲೆ ನಮ್ಮಪ್ಪನ ಬೆರಳಿನ ಗುರುತ ಇದ್ದುವು!"

"ಅವು ನಿಮ್ಮಪ್ಪನ ಬೆರಳಲ್ಲರೀ. ಮೊನ್ನೆ ಹಪ್ಪಳದ ತಾಟು ಅದರ ಮ್ಯಾಲೆ ಇಟ್ಟಾಗ ಹತ್ತಿದ್ದು ನನ್ನ ಬೆರಳು!"

ಮಾಮಾ ಎದ್ದು ಬಂದು ಎರಡು ರೊಟ್ಟಿ ಹೆಚ್ಚಿಗೇ ತಿಂದ.

ಬಲ್ಲವರ ಅಭಿಪ್ರಾಯ ಕೇಳೋಣ ಎಂದು ಒಂದು ದಿನ ನನ್ನನ್ನು ಬಾದಾಮಿಗೆ ಕರೆದುಕೊಂಡು ಹೋದ. ಬಸ್ಸಿನಲ್ಲಿ, ಮತ್ತೆ ಹೇಗೆ? ಗುಹೆಗಳ ಕಾವಲುಗಾರ ನೆರಳಿನಲ್ಲಿ ಕೂತು ಎಲೆಅಡಿಕೆ ಹಾಕಿಕೊಳ್ಳುತ್ತಿದ್ದ. ಮಾಮಾ ಅವನೆದುರು ಕುಕ್ಕರಗಾಲಲ್ಲಿ ಕೂತು ಕೇಳಿದ.

"ಈ ಮೂರ್ತಿಗಳ ಮೂಗು ಮುರದಾವು, ಕೈ ಮುರದಾವು. ನೀವ್ ಯಾಕ ರಿಪೇರಿ ಮಾಡಸಂಗಿಲ್ಲ?"

"ಹಳೇದನ್ನ ಇದ್ದಂಗ ಇಡಬೇಕ್ರಿ. ಅದರಾಗ ಅದರ ಬೆಲಿ ಇರ್ತೈತಿ."

ಮಾಮಾ ಗೆದ್ದವನಂತೆ ನನ್ನ ಕಡೆ ನೋಡಿದ. "ನಮ್ಮ ಕಾರೂ ಹಂಗ ಅಲ್ಲೇನು?"

ಕಾವಲುಗಾರ ಬಾಯಲ್ಲಿದ್ದುದನ್ನು ಉಗುಳಿ ಬಂದು ಹೇಳಿದ: "ಖರೇರಿ. ಆದ್ರ ಈ ಮೂರ್ತಿಗೆ ಬಾಗಲಕೋಟಿಗೆ ಹೋಗಿಬರೋ ಕೆಲಸ ಇಲ್ಲ ನೋಡ್ರಿ!"

ಮನುಷ್ಯರ ಮಾತು ಸಾಕಾಯಿತು. ತುಳಸಿಗೇರಿಯ ಹನುಮಪ್ಪನನ್ನೇ ಕೇಳಿಬಿಡೋಣ ಎಂದು ಹೊರಟ. ಬಲಕ್ಕೆ ಹೂ ಬಿದ್ದರೆ ಬಣ್ಣ, ಎಡಕ್ಕೆ ಬಿದ್ದರೆ ಇದ್ದ ಹಾಗೇ. ಕಣ್ಣುಮುಚ್ಚಿ ಕೈಮುಗಿದು ನಿಂತ. ಪಾಪ, ಹನುಮಪ್ಪ ತಡಮಾಡಲಿಲ್ಲ, ಹೂ ಸರಕ್ಕನೆ ಬಲಕ್ಕೆ ಬಿತ್ತು. ನಾನು ಖುಷಿಯಿಂದ ಗಂಟೆ ಬಾರಿಸಿದೆ. ಮಾಮಾ ಮಾತ್ರ ಪೂಜಾರಿಯ ಹತ್ತಿರ ಸರಿದು ಮೆಲ್ಲಗೆ ಕೇಳಿದ:

"ಇದು ನನ್ನ ಬಲಕ್ಕೋ, ದೇವರ ಬಲಕ್ಕೋ?"

ದೇವರಿಂದಲೂ ತೀರ್ಮಾನವಾಗದ ಈ ವ್ಯಾಜ್ಯಕ್ಕೆ ಕಡೆಗೆ ಬಾಗಲಕೋಟೆಯಿಂದ ಇಮಾಮಸಾಬ ಮಿಸ್ತ್ರಿ ಬಂದರು. ಹಳೆಯ ಗಾಡಿಗಳೆಂದರೆ ಅವರಿಗೆ ಪ್ರಾಣ. ಅರ್ಧ ದಿನ ಕಾರಿನ ಅಡಿಯಲ್ಲೇ ಮಲಗಿದ್ದು, ಮೈಯೆಲ್ಲ ಮಸಿಯಾಗಿ ಎದ್ದುಬಂದರು.

"ಸಾಹೇಬ್ರ, ಎಂಜಿನ್ ಇನ್ನೂ ಜೀವಂತ ಐತಿ. ಬಣ್ಣದ ಮಾತು ಏನಂತೀರಿ ಹೇಳ್ರಿ." ಹಸಿರು, ಕಪ್ಪು ಎರಡು ಡಬ್ಬಿಗಳನ್ನು ಕಟ್ಟೆಯ ಮೇಲೆ ಇಟ್ಟರು. ಅಂದು ಬುಧವಾರ. ಮಾಮಾ ವಾದ ಶುರುಮಾಡಿದ. ಅತ್ತೆ ಎದುರುವಾದ ಹೂಡಿದಳು. ನಾನೂ ನಡುವೆ ನಾಲ್ಕು ಮಾತು ಸೇರಿಸಿದೆ.

ಅಷ್ಟರಲ್ಲಿ ಬಾಗಿಲ ಹತ್ತಿರದಿಂದ ಅಜ್ಜಿಯ ದನಿ ಬಂತು. ಅಜ್ಜಿ ಎಂದರೆ ಮಾಮಾನ ತಾಯಿ. ಎಂಬತ್ತರ ಹತ್ತಿರದ ವಯಸ್ಸು, ಒಂದು ಕಣ್ಣಿಗೆ ಪೂರಾ ಪೊರೆ ಬಂದಿತ್ತು, ಇನ್ನೊಂದಕ್ಕೆ ಬರತೊಡಗಿತ್ತು. ಕಾರಿನ ವಿಷಯದಲ್ಲಿ ಅವಳನ್ನು ನಾವ್ಯಾರೂ ಒಂದು ಮಾತು ಕೇಳಿರಲಿಲ್ಲ. ಬಸ್ಸು ಹತ್ತಿ ಬಾದಾಮಿಯತನಕ ಹೋಗಿ ಕೇಳಿದ್ದೆವು, ಹತ್ತು ಹೆಜ್ಜೆ ನಡೆದು ಅಡುಗೆಮನೆಗೆ ಹೋಗಿ ಕೇಳಿರಲಿಲ್ಲ.

"ಅದು ನಡೀತೈತೇನೋ ತಮ್ಮಾ?"

"ಯಾಕವ್ವಾ?"

"ಒಮ್ಮೆ ಮುಂದ ಕುಂದರಬೇಕಾಗೇತಿ ನಾ."

ಮಾಮಾನಿಗೆ ತಿಳಿಯಲಿಲ್ಲ. ಅಜ್ಜಿ ಬಾಗಿಲು ಹಿಡಿದು ನಿಂತೇ ಹೇಳಿದಳು. ಅಜ್ಜನ ಕಾಲದಲ್ಲಿ ಹೆಂಗಸರು ಹಿಂದೆ ಕೂತುಕೊಳ್ಳುವುದು, ಕಿಟಕಿಗೆ ಪರದೆ ಬಿಡುವುದು ರಿವಾಜು. "ಐಹೊಳಿಗೆ ನಾಕ್ ಸಲ ಹೋಗಿಬಂದೀನಿ. ದಾರಿ ಒಮ್ಮೆನೂ ಕಂಡಿಲ್ಲ. ಕಣ್ಣು ಇರೂತನಕ ನೋಡಬೇಕಂತ ಆಸೆ, ಅಷ್ಟ."

ಮಾಮಾ ಎದ್ದು ಎರಡೂ ಡಬ್ಬಿಗಳನ್ನು ಮಿಸ್ತ್ರಿಯ ಚೀಲಕ್ಕೆ ತಾನೇ ತುಂಬಿದ.

"ಕಾರಿನ ಮೈ ಹೆಂಗೈತಿ ಹಂಗ ಇರ್ಲಿ ಇಮಾಮಸಾಬ. ಎಂಜಿನ್ ಬಿಚ್ಚು. ಅವ್ವ ಐಹೊಳಿಗೆ ಹೋಗಬೇಕಂತ."

ಮಿಸ್ತ್ರಿ ಮೂರು ವಾರ ನಮ್ಮ ಅಂಗಳದಲ್ಲೇ ಇದ್ದರು. ಟಾಯರು ಹುಬ್ಬಳ್ಳಿಯಿಂದ ಬಂದವು. ಒಂದು ಭಾನುವಾರ ಬೆಳಿಗ್ಗೆ ಕಾರು ಕೆಮ್ಮಿ, ಸೀನಿ, ಓಣಿಯ ತುಂಬ ಹೊಗೆ ಬಿಟ್ಟು ಹೊರಬಿದ್ದಾಗ ಎದುರು ಮನೆಯವರು ಬೆಂಕಿ ಬಿತ್ತೆಂದು ಕೊಡ ಹಿಡಿದು ಓಡಿಬಂದರು!

ಅತ್ತೆ, ನಾನು ಹಿಂದೆ. ಅಜ್ಜಿ ಮುಂದೆ, ಹೊಸ ಇಳಕಲ್ ಸೀರೆ ಉಟ್ಟು, ಎರಡೂ ಕೈಯಿಂದ ಎದುರಿನ ಪಟ್ಟಿ ಹಿಡಿದು ಕೂತಿದ್ದಳು. ಹುನಗುಂದ ದಾಟಿತು, ಅಮೀನಗಡ ದಾಟಿತು. ಎರಡೂ ಕಡೆ ಜೋಳ ತೆನೆ ಬಿಟ್ಟಿತ್ತು, ನಡುನಡುವೆ ಕುಸುಬಿಯ ಹಳದಿ ಹೂ. ಅಜ್ಜಿ ಮಾತಾಡಲೇ ಇಲ್ಲ. ಮಾಮಾನಿಗೆ ದಿಗಿಲಾಯಿತು.

"ಏನವ್ವಾ, ಭಾಳ ಕುಲಕಾಕತ್ತೇತೇನು?"

ಅಜ್ಜಿ ಅವನ ಕಡೆ ತಿರುಗಲಿಲ್ಲ.

"ಇಷ್ಟ್ ಅಗಲ ಐತೇನೋ ತಮ್ಮಾ, ನಮ್ಮ ಸೀಮಿ!"

ಮಾಮಾ ಮೊದಲೇ ನಿಧಾನ ಹೋಗುತ್ತಿದ್ದ ಕಾರನ್ನು ಇನ್ನೂ ನಿಧಾನ ಮಾಡಿದ. ಹಿಂದೆ ಬರುತ್ತಿದ್ದ ಎತ್ತಿನ ಚಕ್ಕಡಿಯೊಂದು ನಮ್ಮನ್ನು ದಾಟಿಕೊಂಡು ಮುಂದೆ ಹೋಯಿತು. ಹೋಗಲಿ ಎಂದು ಬಿಟ್ಟ.